ಎರಡು ಪಟ್ಟಿ ಕೆಳಗೆ

ಮಲ್ಲಕ್ಕ ಒಳಗೆ ಚಹಾ ಕುಡಿಯುತ್ತ ಕೂತಿದ್ದಾಳೆ ಎಂಬುದನ್ನು ಮತ್ತೊಮ್ಮೆ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡೇ ಯಾಕೂಬಸಾಬ ಹಾರ್ಮೋನಿಯಂ ಪೇಟಿಯ ಮುಚ್ಚಳ ತೆಗೆದ. ಬಾಜುವಿನ ಹಿಡಿಕೆ ಎತ್ತಿ, ಕರಿ ಬಿಳಿ ಪಟ್ಟಿಗಳ ಇಡೀ ಸಾಲನ್ನೇ ಎಡಕ್ಕೆ ಎರಡು ಮನೆ ಜರುಗಿಸಿದ. ಖಟ್ ಅಂತು. ಅಷ್ಟಕ್ಕೇ ಅವನು ಮತ್ತೆ ಬಾಗಿಲ ಕಡೆ ನೋಡಿದ.

"ಚಾಚಾ, ಕಳವು ಮಾಡೂ ಮಂದಿ ಕೈ ಹಿಂಗ ನಡಗಬಾರದ್ರಿ," ಅಂದ ತಬಲಾದ ಆಸೀಫ್.

"ಬಾಯಿ ಮುಚ್ಚಿ ನಿನ್ನ ತಬಲಾ ಇಳಸಲೇ."

ಕಳವು ಅಂದರೆ ಇಷ್ಟೇ. ಪೇಟಿಯ ನಾಕನೆಯ ಕರಿ ಪಟ್ಟಿ ಮಲ್ಲಕ್ಕನ ಷಡ್ಜ, ಅವಳ ಹಾಡಿಗೆ ಆಧಾರದ ಸ್ವರ. ಸಂಶಿಯ ಸುತ್ತಮುತ್ತ ಯಾವ ಊರಲ್ಲಿ ಕೇಳಿದರೂ "ಮಲ್ಲಕ್ಕಂದು ಕರಿ ನಾಕು" ಅಂತ ಹೇಳುತ್ತಾರೆ, ಹೊಲದ ಸರ್ವೆ ನಂಬರ್ ಹೇಳಿದ ಹಾಗೆ. ವಚನ ಇರಲಿ, ತತ್ವಪದ ಇರಲಿ, ಅಷ್ಟು ಎತ್ತರದಲ್ಲಿ ನಿಂತು ಹಾಡುವ ಹೆಣ್ಣುಮಗಳು ಇನ್ನೊಬ್ಬಳಿರಲಿಲ್ಲ. ಹೋದ ವರ್ಷದ ಹಿಂದಿನ ವರ್ಷ ಒಂದು ಕೆಟ್ಟ ಜ್ವರ ಬಂದು ಹೋಯಿತು ನೋಡಿ, ಆಮೇಲೆ ತಾರದ ಷಡ್ಜಕ್ಕೆ, ಅಂದರೆ ಮೇಲಿನ ಸಾ ಸ್ವರಕ್ಕೆ, ಏರಿದಾಗ ದನಿ ಸೀಳತೊಡಗಿತು. ಒಂದು ಕಾರ್ಯಕ್ರಮದಲ್ಲಿ ನಡುವೆಯೇ ಎದ್ದು ಹೋದ ಮಲ್ಲಕ್ಕ, ಹೊಸ್ತಿಲು ದಾಟಲಿಲ್ಲ ಎಷ್ಟೋ ದಿನ. "ಕರಿ ನಾಕು ಮುಟ್ಟಲಿಲ್ಲಂದ್ರ ನಾ ಹಾಡೂದಿಲ್ಲ. ಮುಗೀತು," ಅಂದಳು.

ಈ ಶ್ರಾವಣಕ್ಕೆ ತುಸು ಮುಂಚೆ ಯಾಕೂಬಸಾಬ ಈ ಹೊಸ ಪೇಟಿ ತಂದ. ಪಟ್ಟಿಗಳ ಸಾಲನ್ನೇ ಜರುಗಿಸುವ ಪೇಟಿ ಇದು. ಬೆರಳು ಕರಿ ನಾಕರ ಮೇಲೇ ಇರುತ್ತದೆ, ಕೇಳುವುದು ಮಾತ್ರ ಕರಿ ಮೂರು. ಎರಡು ಪಟ್ಟಿ ಕೆಳಗೆ. ಮಲ್ಲಕ್ಕ ಅವನ ಬೆರಳು ನೋಡಿದಳು, ಕಣ್ಣು ಮುಚ್ಚಿ ಏರಿದಳು, ದನಿ ಹೂವಿನಂತೆ ಹೋಗಿ ಕೂತಿತು. "ದನಿ ತಿರುಗಿ ಬಂತು, ಯಾಕೂಬಣ್ಣಾ!" ಅಂದವಳೇ ಹೋಳಿಗಿ ಮಾಡಿ ಅವನ ಮನೆಗೂ ಆಸೀಫನ ಮನೆಗೂ ಕಳಿಸಿದಳು. ಹೋಳಿಗಿ ತಿಂದ ಬಾಯಲ್ಲಿ ಖರೆ ಹೇಳುವುದಾದರೂ ಹೇಗೆ? ಮೂವತ್ತು ವರ್ಷದ ಗೆಳೆತನ. ಹೇಳಿದರೆ ಮತ್ತೆ ಬಾಯಿ ಮುಚ್ಚಿಬಿಡುತ್ತಾಳೆ ಅನ್ನುವ ಹೆದರಿಕೆ ಅವನಿಗೆ.

ಅದು ಶ್ರಾವಣದ ನಡುವಿನ ವಾರ. ಸೋಮವಾರ ಸಂಶಿ, ಆಮೇಲೆ ತಂಬೂರ, ದೇವಿಕೊಪ್ಪ, ಕೊನೆಗೆ ರವಿವಾರ ಕುಂದಗೋಳ. ಆಸೀಫನ ಟಾಟಾ ಏಸ್‌ನಲ್ಲಿ ಪೇಟಿ, ತಬಲಾ, ತಾಳ, ಒಂದು ಡಬ್ಬಿ ಚುರುಮುರಿ. ಹಿಂದೆ ಗೋಣಿಚೀಲದ ಮೇಲೆ ಭಾಗ್ಯಾ. ಮಲ್ಲಕ್ಕನ ಬೆನ್ನಿಗೆ ದನಿ ಹಿಡಿಯುವವಳು. ಶಾಲೆಗೆ ಹೋಗುವಾಗಿನಿಂದ ಕಲಿಯಲು ಬಂದವಳು, ಈಗ ಅವಳ ಮಗಳೇ ಶಾಲೆಗೆ ಹೋಗುತ್ತಾಳೆ.

ತೊಂದರೆ ಇದ್ದದ್ದೇ ಈ ಭಾಗ್ಯಾಳದು. ಪದದ ಕೆಳದನಿಯ ಸಾಲನ್ನು ಮಲ್ಲಕ್ಕ ಶುರು ಮಾಡಿ ಬಿಡುತ್ತಾಳೆ, ಅಲ್ಲಿಂದ ಭಾಗ್ಯಾ ಎತ್ತಿಕೊಳ್ಳಬೇಕು. ಕರಿ ನಾಕರಲ್ಲಿ ಅವಳಿಗೆ ಅದು ಅಂಗಳದಲ್ಲಿ ನಡೆದಷ್ಟು ಸಲೀಸು. ಎರಡು ಪಟ್ಟಿ ಇಳಿದ ಮೇಲೆ ಆ ಸಾಲು ಅವಳ ಗಂಟಲು ಮುಟ್ಟದಷ್ಟು ಕೆಳಗೆ ಹೋಗಿ ಬಿತ್ತು. ಬಾಯಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ.

ತಂಬೂರಿನಲ್ಲಿ ಮಂದಿಗೂ ಅದು ಗೊತ್ತಾಯಿತು. ಮುಂದೆ ಕೂತ ಒಬ್ಬ ಮುದುಕ, "ಏ ತಂಗಿ, ಉಪಾಸ ಇದ್ದೀಯೇನ?" ಅಂದುಬಿಟ್ಟ. ಎಲ್ಲರೂ ನಕ್ಕರು. ಮಲ್ಲಕ್ಕ ನಗಲಿಲ್ಲ.

ಮುಗಿದ ಮೇಲೆ ಬಸ್ ಸ್ಟ್ಯಾಂಡ್ ಬಾಜು ಬಿಸಿ ಮಿರ್ಚಿ, ಗಿರಮಿಟ್. ಆ ನಾಲ್ವರಿಗೆ ಹಾಡಿನಷ್ಟೇ ರುಚಿಯಾದದ್ದು ಹಾಡಿದ ಮೇಲಿನ ಈ ತಿನ್ನುವ ಹೊತ್ತು. ಅವತ್ತು ಮಾತ್ರ ಯಾರೂ ಎರಡನೇ ಮಿರ್ಚಿ ಕೇಳಲಿಲ್ಲ.

"ಯಾಕ ಬೇ ಭಾಗ್ಯಾ," ಅಂದಳು ಮಲ್ಲಕ್ಕ, "ನನ್ನ ವಯಸ್ಸೇನು, ನಿನ್ನ ವಯಸ್ಸೇನು? ಜ್ವರ ಬಂದು ಎದ್ದಾಕಿ ನಾನು. ನಾನ ಕರಿ ನಾಕಕ್ಕ ಹಾಡ್ತೀನಿ, ನಿನಗ ಏನ್ ಧಾಡಿ?"

"ಗೊತ್ತಿಲ್ರಿ ಅಕ್ಕಾರ. ಮನ್ಯಾಗ ಬರ್ತೈತ್ರಿ. ಇಲ್ಲಿ ಕುಂತ್ರ ಬರವಲ್ದು."

"ಮನ್ಯಾಗ ಬರೂದು ಮನಿಗೇ ಇರ್ಲಿ ಹಂಗಾರ." ಮಲ್ಲಕ್ಕ ಕೈ ಒರೆಸಿಕೊಂಡಳು. "ಕುಂದಗೋಳ ಒಂದು ಮುಗಸು. ಮುಂದಿನ ಸೋಮವಾರದಿಂದ ಅಣ್ಣಿಗೇರಿ ಸುನಿತಾನ ಕರಸ್ತೀನಿ."

ಭಾಗ್ಯಾ ತಲೆ ಎತ್ತಲಿಲ್ಲ. ಗಿರಮಿಟ್‌ನೊಳಗಿನ ಒಂದೊಂದೇ ಚುರುಮುರಿ ಹೆಕ್ಕುತ್ತ ಕೂತಳು, ತಿನ್ನಲಿಲ್ಲ. ಆಸೀಫ್ ಯಾಕೂಬಸಾಬನನ್ನು ಕೈ ಹಿಡಿದು ಗಾಡಿಯ ಹಿಂದೆ ಕರೆದೊಯ್ದ.

"ಇವತ್ತ ಹೇಳ್ರಿ. ಇಲ್ಲಾ ನಾ ಹೇಳ್ತೀನಿ."

"ಕುಂದಗೋಳ ಆಗ್ಲಿ ಮಾರಾಯಾ. ಅಲ್ಲಿ ಕೇಳೂ ಮಂದಿ ಬ್ಯಾರೆ. ಈಗ ಹೇಳಿದ್ರ ಅಕಿ ಅಲ್ಲಿಗೆ ಬರೂದ ಇಲ್ಲ."

"ಭಾಗ್ಯಾ ಹೋದ್ರ?"

"ಕುಂದಗೋಳ ಮುಗದ್ ಕೂಡ್ಲೇ ಹೇಳ್ತೀನಿ. ಅಲ್ಲಾನ ಆಣಿ."

"ಅಲ್ಲಾನ್ನ ಯಾಕ ನಡುವ ಎಳದ ತರ್ತೀರಿ ಚಾಚಾ? ಪೇಟಿ ಜರಗಿಸಿದಾವ್ರು ನೀವು."

ದೇವಿಕೊಪ್ಪಕ್ಕೆ ಹೋಗುವಾಗ ಮಳೆ ಹಿಡಿಯಿತು. ಸಣ್ಣ ಮಳೆ ಅಲ್ಲ, ಗಾಜು ಒರೆಸುವ ಕಡ್ಡಿ ಸೋತು ನಿಲ್ಲುವಂಥದ್ದು. ಭಾಗ್ಯಾಳೂ ಮುಂದೆ ಬಂದು ಇರುಕಿಕೊಂಡಳು. ಹಿಂದೆ ಸಾಮಾನಿಗೆ ಹೊದಿಸಿದ ತಾಡಪತ್ರಿಯ ಒಂದು ಮೂಲೆ ಬಿಚ್ಚಿಕೊಂಡದ್ದು ಯಾರಿಗೂ ಕಾಣಲಿಲ್ಲ. ಊರು ಮುಟ್ಟಿ ನೋಡಿದರೆ ಪೇಟಿ ನೀರು ಕುಡಿದು ಕೂತಿತ್ತು. ಪಟ್ಟಿ ಉಬ್ಬಿ ಒಂದಕ್ಕೊಂದು ಅಂಟಿದ್ದವು. ಒಂದು ಒತ್ತಿದರೆ ನಾಕು ಕೂಗುತ್ತಿದ್ದವು. ಅವತ್ತು ಬರೀ ತಾಳ, ತಬಲಾದ ಮೇಲೆ ಹಾಡು ಮುಗಿಸಿದರು. ಭಾಗ್ಯಾಳಿಗೆ ಮಲ್ಲಕ್ಕ ಒಂದು ಸಾಲನ್ನೂ ಬಿಟ್ಟುಕೊಡಲಿಲ್ಲ.

"ಚಿಂತಿ ಬ್ಯಾಡ," ಅಂದಳು ಮಲ್ಲಕ್ಕ ವಾಪಸು ಬರುವಾಗ. "ಕುಂದಗೋಳದಾವ್ರಿಗೆ ಫೋನ್ ಮಾಡೀನಿ. ಅವ್ರದೊಂದು ಹಳೀ ಪೇಟಿ ಐತಂತ. ಅಗದಿ ಚಲೋ ಐತಂತ."

ಯಾಕೂಬಸಾಬ ಲೆಕ್ಕ ಹಾಕಿದ. ಹಳೇ ಪೇಟಿ ಅಂದರೆ ಸಾದಾ ಪೇಟಿ. ಅದರಲ್ಲಿ ಜರುಗಿಸಲು ಏನೂ ಇರುವುದಿಲ್ಲ. ಕರಿ ಮೂರು ಬೇಕೆಂದರೆ ಕರಿ ಮೂರನ್ನೇ ಒತ್ತಬೇಕು, ಅವಳ ಕಣ್ಣೆದುರೇ.

ರವಿವಾರ ಬೆಳಿಗ್ಗೆ ಕುಂದಗೋಳದ ಕಲ್ಯಾಣಮಂಟಪದಲ್ಲಿ ಕಾಲಿಡುವಷ್ಟು ಜಾಗ ಇರಲಿಲ್ಲ. ಯಾಕೂಬಸಾಬ ಹೇಳಬೇಕೆಂದೇ ಹೋದ, ಖರೆ. "ಮಲ್ಲಕ್ಕಾ, ಒಂದ್ ಮಾತು" ಅಂದ. ಅಷ್ಟರಲ್ಲಿ ಯಾರೋ ಬಂದು ಅವಳಿಗೆ ಶಾಲು ಹೊದಿಸಿದರು, ಯಾರೋ ಕಾಲು ಮುಟ್ಟಿದರು, ಇನ್ನೊಬ್ಬರು ಮಗಳನ್ನು ಮುಂದೆ ದೂಡಿ "ಇಕಿನೂ ಕರಿ ನಾಕಕ್ಕ ಹಾಡ್ತಾಳ್ರಿ, ನಿಮ್ಮಂಗ" ಅಂದರು. ಮಲ್ಲಕ್ಕನ ಮುಖ ಅರಳಿದ್ದು ನೋಡಿ ಅವನು ಪಕ್ಕಕ್ಕೆ ಸರಿದ. ಆಮೇಲೆ ನೋಡಿದರೆ ವೇದಿಕೆ, ಮೈಕು, ಮುಂದೆ ಕುಂದಗೋಳದವರ ಹಳೇ ಪೇಟಿ.

ಅವನು ತಿದಿ ಒತ್ತಿದ. ಬೆರಳು ಕರಿ ಮೂರರ ಮೇಲೆ ಇಟ್ಟ.

ಮಲ್ಲಕ್ಕ ನೋಡಿದಳು. ಮೈಕಿಗೆ ಕೈ ಅಡ್ಡ ಹಿಡಿದು, "ಯಾಕೂಬಣ್ಣಾ, ಕೈ ತಪ್ಪೇತಿ," ಅಂದಳು.

"ಇರ್ಲಿ ಇವತ್ತ. ಗಂಟಲಕ್ಕ ಆರಾಮ ಆಕ್ಕೈತಿ."

"ನನ್ನ ಗಂಟಲಕ್ಕ ಏನಾಗೇತಿ? ಕರಿ ನಾಕು ಹಿಡಿ."

ಹಿಡಿದ. ಆಸೀಫ್ ರೂಢಿಯಂತೆ ತಬಲಾದ ಮೇಲೆ ಕೈ ಹಾಕಿದ. ಪೇಟಿ ಒಂದು ಕಡೆ, ಕರಿ ಮೂರಕ್ಕೆ ಇಳಿಸಿಟ್ಟ ತಬಲಾ ಒಂದು ಕಡೆ. ಮುಂದೆ ಕೂತವರ ಹುಬ್ಬು ಗಂಟಿಕ್ಕಿದವು. ಆಸೀಫ್ ಸುತ್ತಿಗೆ ತೆಗೆದು, ತಬಲಾದ ಶ್ರುತಿ ಏರಿಸಲು ಅದರ ಬದಿಯ ಗಟ್ಟೆ ಬಡಿಯತೊಡಗಿದ. ಅದು ದೊಡ್ಡ ಬಾಯಿಯ ತಬಲಾ, ಅಷ್ಟು ಮೇಲೆ ಏರುವಂಥದ್ದಲ್ಲ. ಬಡಿದ, ಬಡಿದ, ಬೆವೆತ, ಗಟ್ಟೆ ಕದಲಲಿಲ್ಲ.

ಮಲ್ಲಕ್ಕ ಸುತ್ತಿಗೆ ನೋಡಿದಳು, ತಬಲಾ ನೋಡಿದಳು, ಯಾಕೂಬಸಾಬನ ಮುಖ ನೋಡಿದಳು.

"ನೀನೂನ ಏನಲೇ ಆಸೀಫಾ?"

ಆಸೀಫ್ ಸುತ್ತಿಗೆ ಕೆಳಗಿಟ್ಟ.

"ಯಾವಾಗಿಂದ?"

"ಹೊಸ ಪೇಟಿ ತಂದಾಗಿಂದ," ಅಂದ ಯಾಕೂಬಸಾಬ. ಮೈಕು ಅದನ್ನು ಹಿಡಿಯಿತೋ ಇಲ್ಲವೋ, ಅವನಿಗೆ ಗೊತ್ತಾಗಲಿಲ್ಲ. "ನೀ ಹಾಡೂದ ಬಿಡ್ತಿದ್ದಿ ಮಲ್ಲಕ್ಕಾ."

ಬೆನ್ನ ಹಿಂದೆ ಭಾಗ್ಯಾ ಮೆಲ್ಲಗೆ ಉಸಿರೆಳೆದಳು. ಅವಳಿಗೆ ಲೆಕ್ಕ ಹತ್ತಿತ್ತು. "ಕಾಕಾ," ಅಂದಳು, "ನನ್ನ ಗಂಟಲಾ ಹಾಳಾತಂತ ನಾ ಧಾರವಾಡದಾಗ ಡಾಕ್ಟರ್‌ಗೆ ತೋರಿಸಿ ಬಂದೀನ್ರಿ. ನಿಮಗ ಗೊತ್ತಿತ್ತು."

ಯಾಕೂಬಸಾಬ ಪಟ್ಟಿಯ ಮೇಲಿನ ಬೆರಳು ತೆಗೆದ.

ಮಂದಿ ಗುಸುಗುಸು ಅನ್ನತೊಡಗಿತು. ಮಲ್ಲಕ್ಕ ಸೆರಗು ಸರಿಮಾಡಿಕೊಂಡು ಮೈಕಿಗೆ ಅಡ್ಡ ಹಿಡಿದ ಕೈ ತೆಗೆದು, ಕಣ್ಣು ಮುಚ್ಚಿ, ಕರಿ ನಾಕಕ್ಕೇ ಎತ್ತಿದಳು. ಮೊದಲ ಸಾಲು ನಿಂತಿತು. ಎರಡನೆಯದೂ ನಿಂತಿತು. ತಾರದ ಷಡ್ಜದ ಮೆಟ್ಟಿಲಿಗೆ ಕಾಲಿಟ್ಟಳು, ದನಿ ಚರ್ರನೆ ಸೀಳಿತು, ಹೊಸ ಅರಿವೆ ಹರಿದ ಹಾಗೆ, ಇಡೀ ಮಂಟಪಕ್ಕೆ ಕೇಳುವಂತೆ.

ಸೀಳಿದ ಜಾಗಕ್ಕೆ ಭಾಗ್ಯಾಳ ದನಿ ಬಂದು ಕೂತಿತು. ಬೇಕೆಂದು ಮಾಡಿದ್ದಲ್ಲ, ಬೆನ್ನಿಗಿದ್ದವಳ ರೂಢಿ. ಮುಂದಿನವಳು ಬಿಟ್ಟದ್ದನ್ನು ಹಿಡಿಯುವುದೇ ಅವಳ ಕೆಲಸ. ಹಿಡಿದಳು, ನಿಲ್ಲಿಸಿದಳು, ಅಲ್ಲಿಂದ ಕೆಳಗಿನ ಸಾಲಿಗೆ ಇಳಿದಳು. ಒಂದಕ್ಷರ ನುಂಗಲಿಲ್ಲ. ತಬಲಾ ಇಲ್ಲದೆ, ಬರೀ ತಾಳಕ್ಕೆ. ಮಲ್ಲಕ್ಕ ಕಣ್ಣು ತೆರೆದು ಅವಳ ಕಡೆ ತಿರುಗಿ ಕೂತಳು, ಮಂದಿಗೆ ಬೆನ್ನು ಕೊಟ್ಟು. ಇಡೀ ಪದ ಹಾಗೇ ಕೇಳಿದಳು.

ಚಪ್ಪಾಳೆ ಬಿತ್ತು. ಮಲ್ಲಕ್ಕ ಯಾಕೂಬಸಾಬನ ಕಡೆ ಬಾಗಿದಳು.

"ನನ್ನ ದನಿ ಇಳೀತು, ಇಳೀಲಿ. ಮುದುಕಿ ಆಗೀನಿ. ಆದ್ರ ನನ್ನ ಬಾಯಿಂದ ಈ ಹುಡುಗಿಗೆ ಬೈಸಿದ್ಯಲ್ಲೋ ಯಾಕೂಬಣ್ಣಾ. ಅದನ್ನ ನಾ ಹೆಂಗ್ ನುಂಗ್ಲಿ?"

"ತಪ್ಪಾತು."

"ನನಗ ಹೇಳಬ್ಯಾಡ. ಅಕಿಗೆ ಹೇಳು. ಈಗಲ್ಲ, ಕೆಳಗ ಇಳದ ಮ್ಯಾಲ, ಅಕಿ ಕೇಳ್ತೀನಂದ್ರ." ಮಲ್ಲಕ್ಕನ ಗಲ್ಲ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ. ಭಾಗ್ಯಾಳಿಗೆ ಮಾತ್ರ ಕೇಳುವಂತೆ, "ಸುನಿತಾಗ ಬರಬ್ಯಾಡಂತ ಹೇಳ್ತೀನವಾ," ಅಂದಳು. ಭಾಗ್ಯಾ ತಾಳ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಇದ್ದಳು.

ಮಲ್ಲಕ್ಕ ಮಂದಿಯ ಕಡೆ ತಿರುಗಿ, ಮೈಕನ್ನು ಹತ್ತಿರ ಎಳೆದುಕೊಂಡಳು.

"ಈಗ ನಂದು," ಅಂದಳು, ಎಲ್ಲರಿಗೂ ಕೇಳುವಂತೆ. "ಯಾಕೂಬಣ್ಣಾ, ಕರಿ ಮೂರು ಹಿಡಿ. ಆಸೀಫಾ, ಸುತ್ತಿಗಿ ಒಳಗ ಇಡಲೇ."