ಹಿಂದಿನ ಚೀಲಕ್ಕೂ ಕೇಳಲಿ

"ಒತ್ತೇ ಮುದುಕಿ, ಹೆಬ್ಬೆಟ್ಟು! ಅಲ್ಲಿ ಶಿವಮೊಗ್ಗದಲ್ಲಿ ಗಂಡನ ಹೆಣ ಕಾಯ್ತಾ ಇದೆ, ಇಲ್ಲಿ ಮದುಮಗಳ ಥರ ಬೆರಳು ಮುದುರ್ಕೊಂಡು ಕೂತಿದೀಯ!"

ಸಾಹುಕಾರ ಷಡಕ್ಷರಪ್ಪ ಶಾಯಿಯ ಡಬ್ಬಿಯನ್ನು ಕಾಲಿನಿಂದ ಸುಭದ್ರಮ್ಮನ ಮುಂದೆ ತಳ್ಳಿದ. ಅವಳ ಗಂಡ ಜಂಬಣ್ಣ ತೀರಿಕೊಂಡ ಸುದ್ದಿ ಭದ್ರಾವತಿಯ ಆ ಅಕ್ಕಿ ಗೋದಾಮಿಗೆ ಬಂದು ಇನ್ನೂ ಗಂಟೆಯಾಗಿರಲಿಲ್ಲ. ಬೆಳಿಗ್ಗೆ ಲಾರಿಗೆ ಚೀಲ ಏರಿಸುವಾಗ ಕಾಲಡಿಯ ಹಲಗೆ ಮುರಿದು, ಬೆನ್ನ ಮೇಲಿನ ಚೀಲದ ಸಮೇತ ಬಿದ್ದಿದ್ದ. ಮಾತಾಡುತ್ತಲೇ ಶಿವಮೊಗ್ಗದ ಆಸ್ಪತ್ರೆಗೆ ಹೋಗಿದ್ದ.

"ಏನ್ ಬರ್ದಿದೀರಿ ಸಾವ್ಕಾರ್ರೆ ಇದ್ರಲ್ಲಿ?"

"ಹೆಣ ಬಿಡ್ಸೋ ಕಾಗದ. ಓದಿ ನೀನೇನ್ ಡಿಸಿ ಆಗ್ಬೇಕಾ?"

ಚೆಲ್ಲಿದ ಅಕ್ಕಿ ಗುಡಿಸಿಯೇ ಆಯುಷ್ಯ ಕಳೆದವಳಿಗೆ ಅಕ್ಷರ ಎಲ್ಲಿಂದ ಬರಬೇಕು? ಹಮಾಲಿ ಗುಲಾಮ್ ಮೊಹಿದ್ದೀನ್ ಬಾಗಿಲ ಕಡೆ ನೋಡಿದ. ಸುಭದ್ರಮ್ಮನ ಮೊಮ್ಮಗಳು ಕವನ ಕಾಲೇಜಿನಿಂದ ಓಡಿ ಬಂದು ಏದುಸಿರು ಬಿಡುತ್ತಿದ್ದಳು.

"ನಮ್ ಹುಡ್ಗಿ ಓದ್ಲಿ," ಎಂದ.

ಸುಭದ್ರಮ್ಮ ಮೊಮ್ಮಗಳನ್ನು ನೋಡಿದಳು. ಹೆಸರು ಕೇಳಿದರೂ ಅಜ್ಜಿಯ ಸೆರಗಿನ ಹಿಂದೆ ಅಡಗುತ್ತಿದ್ದ ಹುಡುಗಿ ಅವಳು. ಆ ಅಳುಕು ಬಿಡಲೆಂದು, ಬುತ್ತಿ ತಂದಾಗಲೆಲ್ಲ ಹಮಾಲರು ಅವಳನ್ನು ಚೀಲದ ಅಟ್ಟಿಯ ಮೇಲೆ ನಿಲ್ಲಿಸಿ ಪೇಪರ್ ಓದಿಸುತ್ತಿದ್ದರು. ತಪ್ಪು ಓದಿದರೆ ಯಾರೂ ನಗುವ ಹಾಗಿಲ್ಲ. ನಕ್ಕವನು ಅಂದು ಎಲ್ಲರಿಗೂ ಚಹಾ ತರಬೇಕು. ಮೊಹಿದ್ದೀನನೇ ಎರಡು ಸಲ ತಂದಿದ್ದ. ಧ್ವನಿ ಇಳಿದರೆ ಜಂಬಣ್ಣ ಕೂಗುತ್ತಿದ್ದ: "ಜೋರಾಗಿ ಮಗಾ, ಹಿಂದಿನ ಚೀಲಕ್ಕೂ ಕೇಳ್ಲಿ!"

ಕವನ ಕಾಗದ ಎತ್ತಿಕೊಂಡಳು. "ಮೃತನು... ಮದ್ಯ..." ಮುಂದೆ ಓದಲಾಗದೆ ಕಾಗದ ಕೆಳಗಿಳಿಸಿದಳು.

ಷಡಕ್ಷರಪ್ಪ ಹೊಟ್ಟೆ ಕುಣಿಸಿ ನಕ್ಕ. "ಇದೇನೇ ನಿನ್ ಕಾಲೇಜು? ಕೊಡಿಲ್ಲಿ."

"ನಕ್ಕಿದ್ದು ನೀವು. ಇವತ್ತಿನ ಚಹಾ ನಿಮ್ದು ಸಾವ್ಕಾರ್ರೆ," ಎಂದ ಮೊಹಿದ್ದೀನ್, ನಗದೆ. ಅಟ್ಟಿಯ ಬುಡದಲ್ಲಿ ಬಗ್ಗಿ ಎರಡೂ ಕೈ ಹೆಣೆದು ಹಿಡಿದ. "ಹತ್ತು ಬೇಟಾ."

ಕವನ ಹತ್ತಿದಳು. ಓದಿದಳು.

"ಮೃತನು ಮದ್ಯಪಾನ ಮಾಡಿದ್ದರಿಂದ ಕಾಲು ಜಾರಿ ಬಿದ್ದಿರುತ್ತಾನೆ. ಈ ಬಗ್ಗೆ ನನಗೆ ಯಾರ ಮೇಲೂ ದೂರು ಇರುವುದಿಲ್ಲ."

ಇವತ್ತು ಸೋಮವಾರ. ಶಿವನ ವಾರವೆಂದು ಎಲೆ ಅಡಿಕೆಯನ್ನೂ ಬಾಯಿಗೆ ಹಾಕದ ಮನುಷ್ಯ!

"ಅಜ್ಜ ಕುಡೀತಿರ್ಲಿಲ್ಲ." ಈಗ ಅವಳು ಕಾಗದ ನೋಡುತ್ತಿರಲಿಲ್ಲ. "ಹಲಗೆ ಕೊಳೆತಿತ್ತು. ಬದ್ಲಾಯ್ಸಿ ಅಂತ ಇವ್ರೆಲ್ಲ ಮೂರು ಸಲ ಹೇಳಿದ್ರು. ಅರ್ಜಿ ನಾನೇ ಬರ್ದಿದ್ದು."

"ಇಳಿಯೇ ಬೋಳಿಮಗಳೇ!"

ಸುಭದ್ರಮ್ಮ ಶಾಯಿಯ ಡಬ್ಬಿ ಮುಚ್ಚಿ ಎದ್ದಳು. "ಕಾಗದ ಇಟ್ಕೊ ಮಗಾ. ಪೊಲೀಸ್ ಸ್ಟೇಷನ್ನಲ್ಲೂ ಹಿಂಗೇ ಜೋರಾಗಿ ಓದ್ಬೇಕು."

"ಹಂಗಾದ್ರೆ ಹೆಣ ಅಲ್ಲೇ ಕೊಳೀಲಿ! ಏಯ್, ಏನ್ರೋ ನೋಡ್ತೀರಾ? ಲಾರಿ ತುಂಬ್ರೋ!"

ಯಾರೂ ಚೀಲಕ್ಕೆ ಕೈ ಹಚ್ಚಲಿಲ್ಲ. ಒಬ್ಬೊಬ್ಬರೇ ಹೆಗಲ ಮೇಲಿನ ಖಾಲಿ ಗೋಣಿ ತೆಗೆದು ನೆಲಕ್ಕೆ ಹಾಕಿದರು.

ಮುರಿದ ಹಲಗೆಯ ಬಳಿ ಅಕ್ಕಿ ಚೆಲ್ಲಿತ್ತು. ಅಂದು ಸುಭದ್ರಮ್ಮ ಅದನ್ನು ಗುಡಿಸಲಿಲ್ಲ. ಗಂಡನ ಬಾಯಿಗೆ ಹಾಕಲು ಒಂದು ಹಿಡಿ ಬಾಚಿ ಸೆರಗಿಗೆ ಕಟ್ಟಿಕೊಂಡಳು.

"ಅದು ನನ್ ಅಕ್ಕಿ ಕಣೇ!" ಷಡಕ್ಷರಪ್ಪ ಕಿರುಚಿದ.

ಅವಳು ತಿರುಗಲಿಲ್ಲ. ಮೊಮ್ಮಗಳ ಕೈ ಹಿಡಿದು ಬಸ್ಸಿನ ಕಡೆ ನಡೆಯುತ್ತ, ಗಂಟನ್ನು ಎದೆಗೊತ್ತಿಕೊಂಡಳು. "ಶಿವನೇ, ಅವ್ರ ಬೆನ್ನ ಮೇಲಿನ ಚೀಲ ನೀನೇ ಇಳ್ಸಪ್ಪಾ. ಸಾಕು ಹೊತ್ತಿದ್ದು. ಇನ್ನಾದ್ರೂ ನೆಮ್ಮದಿಯಾಗಿ ಮಲಗ್ಲಿ."