ತತ್ತಪ್ಪನ ದನಿ

ಡಬ್ಬಿಂಗ್ ಕೋಣೆ ಎಷ್ಟು ದೊಡ್ಡದು ಎಂದು ಕೇಳಲೇಬೇಡಿ. ನಡುವೆ ನಿಂತು ಕೈ ಚಾಚಿದರೆ ಎರಡೂ ಕಡೆಯ ಗೋಡೆ ಸಿಗುತ್ತದೆ. ಗೋಡೆಯ ತುಂಬ ಬೂದು ಬಣ್ಣದ ಸ್ಪಂಜು, ಎದುರಿಗೊಂದು ಪರದೆ, ಮೂಗಿನ ಮುಂದೆ ಮೈಕು, ಬಲಗಡೆ ದಪ್ಪ ಗಾಜು. ಗಾಜಿನ ಆಚೆ ನಿರ್ದೇಶಕಿ ಮೇಡಂ ಮತ್ತು ಸೌಂಡ್ ಎಂಜಿನಿಯರ್. ಬಾಗಿಲು ಹಾಕಿದರೆ ಹೊರಗಿನ ಸದ್ದು ಒಳಗೆ ಬರುವುದಿಲ್ಲ, ಒಳಗಿನ ಬಿಸಿ ಹೊರಗೆ ಹೋಗುವುದಿಲ್ಲ. ಸದ್ದಾಗುತ್ತದೆಂದು ಫ್ಯಾನು ಕೂಡ ಹಾಕುವಂತಿಲ್ಲ. ಈ ಗೂಡಿನಲ್ಲಿ ನಿಂತು ಮುನಿ ಹದಿನಾಲ್ಕು ವರ್ಷದಿಂದ ಇನ್ನೊಬ್ಬರ ಬಾಯಿಗೆ ದನಿ ಕೊಡುತ್ತಿದ್ದ. ಬೇರೆ ಭಾಷೆಯ ಧಾರಾವಾಹಿಗಳಿಗೆ ನಮ್ಮ ಭಾಷೆಯ ಮಾತು ಹಾಕುವ ಕಸುಬು ಅವನದು.

ಮುನಿ ಎಂಬುದು ಸ್ಟುಡಿಯೋದವರು ಇಟ್ಟ ಅಡ್ಡಹೆಸರು. ಮೈಕಿನ ಮುಂದೆ ಸಿಡಿಲಿನಂತೆ ಗುಡುಗುವ ಮನುಷ್ಯ ಹೊರಗೆ ಬಂದರೆ ಬಾಯಿಗೆ ಬೀಗ. ಕಾಫಿ ಬೇಕಾ ಎಂದರೆ ಹೌದು, ನಾಳೆ ಬರುತ್ತೀರಾ ಎಂದರೆ ಹೌದು, ಅಷ್ಟೇ. ದೊಡ್ಡ ಕಲಾವಿದರು ಹಾಗೇ ಇರುತ್ತಾರೆ, ದನಿ ಉಳಿಸಿಕೊಳ್ಳುತ್ತಾರೆ ಎಂದು ಜನ ತಾವೇ ಒಂದು ಕಾರಣ ಕಟ್ಟಿಕೊಂಡಿದ್ದರು. ನಿಜವಾದ ಕಾರಣ ಅವನ ಹೆಂಡತಿಗೂ ಮಗಳಿಗೂ ಮಾತ್ರ ಗೊತ್ತು. ಮುನಿಗೆ ಉಗ್ಗು.

ಚಿಕ್ಕಂದಿನಿಂದಲೂ ಇತ್ತು. ‘ನ’ ಬಂದರೆ ಗಂಟಲು ಮುಚ್ಚುತ್ತದೆ, ‘ಬ’ ಬಂದರೆ ತುಟಿ ಅಂಟಿಕೊಂಡು ಬಿಡುತ್ತದೆ. ವಿಚಿತ್ರವೆಂದರೆ ಇನ್ನೊಬ್ಬರ ಮಾತನ್ನು ಇನ್ನೊಬ್ಬರ ದನಿಯಲ್ಲಿ ಹೇಳುವಾಗ ಒಂದಕ್ಷರವೂ ತಡೆಯುವುದಿಲ್ಲ. ರಾಜನ ಮಾತು, ಕಳ್ಳನ ಮಾತು, ವಕೀಲನ ಮಾತು ಎಲ್ಲವೂ ನೀರು ಕುಡಿದಷ್ಟು ಸಲೀಸು. ಸ್ವಂತ ಮಾತಿನಲ್ಲಿ ಮಾತ್ರ ಸಲೀಸಾಗಿ ಬರುವುದು ‘ಹೌದು’ ಒಂದೇ. ‘ಬೇಡ’ ಎನ್ನಲು ಹೋದರೆ ಮೊದಲಕ್ಷರದಲ್ಲೇ ಮುಗ್ಗರಿಸುತ್ತಾನೆ, ಎದುರಿಗಿದ್ದವರು ಮುಖ ನೋಡುತ್ತಾರೆ, ಆ ನೋಟ ತಾಳಲಾರದೆ ‘ಹೌದು’ ಎಂದುಬಿಡುತ್ತಾನೆ. ಹೀಗೆ ಹೌದು ಎಂದೇ ಅವನು ಬೇಡದ ಅಂಗಿಗಳನ್ನು ಕೊಂಡಿದ್ದ, ಕಾಣದವರ ಮದುವೆಗೆ ಹೋಗಿದ್ದ, ತಲೆನೋವಿನ ದಿನವೂ ಸಂಜೆಯವರೆಗೆ ಕೋಣೆಯಲ್ಲಿ ನಿಂತಿದ್ದ. ತತ್ತಪ್ಪ ಅವನ ಕೊರಳಿಗೆ ಬಿದ್ದದ್ದೂ ಹೀಗೆಯೇ.

ತತ್ತಪ್ಪ ಒಂದು ಧಾರಾವಾಹಿಯ ಪಾತ್ರ. ದಿನಸಿ ಅಂಗಡಿಯ ಗುಮಾಸ್ತ, ಉಗ್ಗುತ್ತಾನೆ. ಅವನ ಕೆಲಸ ಅಷ್ಟೇ, ಉಗ್ಗುವುದು. ಮೂಲದಲ್ಲಿ ಅವನಿಗೊಂದು ಮರ್ಯಾದೆಯ ಹೆಸರಿತ್ತಂತೆ. ನಮ್ಮ ಸಂಭಾಷಣೆ ಬರೆದ ಪುಣ್ಯಾತ್ಮ ಅದನ್ನು ಕಿತ್ತು ಹಾಕಿ ತತ್ತಪ್ಪ ಎಂದಿಟ್ಟ, ಇಟ್ಟು ತಾನೇ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ವರ್ಷ ಚಾನೆಲ್ಲಿನವರು ಒಂದು ಪೋಸ್ಟರ್ ಬೇರೆ ಮಾಡಿಸಿದ್ದರು. ‘ಎಲ್ಲರೂ ನಮ್ಮ ಪರದೆಯಲ್ಲಿ’ ಎಂದು ಮೇಲೆ ದಪ್ಪಕ್ಷರ. ಕೆಳಗೆ ಗಾಲಿಕುರ್ಚಿಯ ಯುವತಿ, ಕಪ್ಪು ಕನ್ನಡಕದ ಕುರುಡ ವಕೀಲ, ಬೊಚ್ಚುಬಾಯಿಯ ಅಜ್ಜಿ, ಮೂಲೆಯಲ್ಲಿ ಬಾಯಿ ವಕ್ರವಾಗಿ ತೆರೆದ ತತ್ತಪ್ಪ. ಅದನ್ನು ತಂದು ಡಬ್ಬಿಂಗ್ ಕೋಣೆಯ ಬಾಗಿಲಿಗೇ ಅಂಟಿಸಿದರು.

ಮೇಡಂ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ವಾಸಿಯಿತ್ತು, ಬೈದುಕೊಂಡಾದರೂ ಹಗುರಾಗಬಹುದಿತ್ತು. ಇಂಥ ಜನರನ್ನು ಇಷ್ಟು ವರ್ಷ ಯಾರು ತೋರಿಸಿದ್ದರು, ಈಗ ನಾವು ತೋರಿಸುತ್ತಿದ್ದೇವೆ ಎಂದು ಅವರು ಮನಸಾರೆ ಹೇಳಿದರು. ಆಮೇಲೆ ಮುನಿಯ ಕಡೆ ತಿರುಗಿದರು.

"ತತ್ತಪ್ಪನ್ನ ನೀವೇ ಮಾಡ್ತೀರಲ್ವಾ?"

ಬೇಡ ಎನ್ನಬೇಕಿತ್ತು ಮುನಿಗೆ. ಎದೆಯ ತುಂಬ ಬೇಡವೇ ತುಂಬಿತ್ತು. ತುಟಿ ಅಂಟಿಕೊಂಡಿತು. ಮೇಡಂ ಹುಬ್ಬೇರಿಸಿ ನೋಡಿದರು. ಅವನು ಹೌದು ಎಂದ.

ಅಲ್ಲಿಂದ ಅವನ ಗೋಳು ಶುರುವಾಯಿತು. ಡಬ್ಬಿಂಗಿನಲ್ಲಿ ಪರದೆಯ ಮೇಲಿನ ತುಟಿಯೇ ಯಜಮಾನ. ನಟನ ತುಟಿ ಐದು ಸಲ ಬಡಿದರೆ ದನಿಯೂ ಐದು ಸಲ ಬಡಿಯಲೇಬೇಕು. ಆ ನಟನೋ ಜನ್ಮದಲ್ಲಿ ಉಗ್ಗಿದವನಲ್ಲ. ಕತ್ತು ಕೊಂಕಿಸಿ, ಕಣ್ಣು ಮೇಲೆ ಮಾಡಿ, ಕೋಳಿ ಕಾಳು ಹೆಕ್ಕಿದ ಹಾಗೆ ತ-ತ-ತ-ತ-ತ ಎನ್ನುತ್ತಿದ್ದ. ಉಗ್ಗು ಹಾಗಿರುವುದಿಲ್ಲ ಎಂದು ಮುನಿಗೆ ಗೊತ್ತು. ಅದರ ಬಹುಪಾಲು ಸದ್ದೇ ಇಲ್ಲದ್ದು. ಮಾತು ಬಾಗಿಲವರೆಗೆ ಬಂದು ನಿಂತುಬಿಡುತ್ತದೆ, ಒಳಗಿದ್ದವನು ತಳ್ಳುತ್ತಲೇ ಇರುತ್ತಾನೆ, ಹೊರಗಿನವರಿಗೆ ಏನೂ ಕೇಳಿಸುವುದಿಲ್ಲ. ಒಮ್ಮೆ ಐದರ ಜಾಗದಲ್ಲಿ ಎರಡೇ ಸಲ ತ ಎಂದು ನೋಡಿದ. ಗಾಜಿನ ಆಚೆಯಿಂದ ಎಂಜಿನಿಯರ್ ಕೈ ಅಲ್ಲಾಡಿಸಿದ. ತುಟಿ ಕೂಡಿಲ್ಲ, ಇನ್ನೊಂದು ಸಲ.

ಜನ ಬಿದ್ದು ಬಿದ್ದು ನಕ್ಕರು. ತತ್ತಪ್ಪ ಮನೆಮಾತಾದ.

ಮನೆಯಲ್ಲಿ ಪುಟ್ಟಿಗೆ ಹತ್ತು ವರ್ಷ. ಅಪ್ಪನ ಮೂಗು, ಅಪ್ಪನ ಕಿವಿ, ಅಪ್ಪನ ಉಗ್ಗು. ಅಪ್ಪನಿಗಿಲ್ಲದ ಧೈರ್ಯವೂ ಇತ್ತು. ಎಷ್ಟು ತಡೆದರೂ ಬಿಡದೆ ಮಾತು ಮುಗಿಸುತ್ತಿದ್ದಳು, ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದಳು. ಆ ಮನೆಯಲ್ಲಿ ಒಂದೇ ಕಟ್ಟುನಿಟ್ಟಿನ ನಿಯಮ, ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸಬಾರದು. ಎಷ್ಟು ಹೊತ್ತಾದರೂ ಕಾಯಬೇಕು, ಒಲೆಯ ಮೇಲೆ ಹಾಲು ಉಕ್ಕಿದರೂ ಸರಿ. ಅಪ್ಪ ಮಗಳಿಗೆ ಒಂದು ಆಟವೂ ಇತ್ತು. ಪುಟ್ಟಿ ಟಿವಿಗೆ ಬೆನ್ನು ಹಾಕಿ ಕಣ್ಣು ಮುಚ್ಚಿ ಕೂರುತ್ತಾಳೆ. ಧಾರಾವಾಹಿಯಲ್ಲಿ ಅಪ್ಪನ ದನಿ ಬಂದರೆ "ಇದು ನೀನು" ಎನ್ನಬೇಕು. ಮುದುಕನಾಗಿ ಬಂದರೂ ರಾಕ್ಷಸನಾಗಿ ಬಂದರೂ ಅವಳು ಒಂದು ದಿನವೂ ತಪ್ಪಿರಲಿಲ್ಲ.

ಅದಕ್ಕೇ ತತ್ತಪ್ಪನ ದನಿಯನ್ನು ಮುನಿ ಪೂರ್ತಿ ಮೂಗಿಗೆ ಏರಿಸಿ, ಹಿಸುಕಿ, ತನ್ನ ಗುರುತೇ ಸಿಗದಂತೆ ಮಾಡಿದ್ದ. ಅದನ್ನು ಕೇಳಿದಾಗ ಪುಟ್ಟಿ "ಇದು ನೀನು" ಎನ್ನಲಿಲ್ಲ. ಅವನು ಗೆದ್ದಿದ್ದ. ಇಂಥ ಗೆಲುವು ಶತ್ರುವಿಗೂ ಬೇಡ.

ಎರಡು ತಿಂಗಳಲ್ಲಿ ಶಾಲೆಯಲ್ಲಿ ಅವಳಿಗೆ ತತ್ತಮ್ಮ ಎಂದು ಹೆಸರು ಬಿತ್ತು. ಮೊದಲೂ ಮಕ್ಕಳು ನಗುತ್ತಿದ್ದರು, ಆದರೆ ಹೇಗೆ ಅಣಕಿಸಬೇಕೆಂದು ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ. ಈಗ ಟಿವಿ ಕಲಿಸಿಕೊಟ್ಟಿತ್ತು. ಮೂಗಿನಲ್ಲಿ ದನಿ ಎಳೆದು ತ-ತ-ತ-ತ-ತ, ಸರಿಯಾಗಿ ಐದು ಸಲ. ಪುಟ್ಟಿ ಕೈ ಎತ್ತುವುದನ್ನು ನಿಲ್ಲಿಸಿದಳು. ಆಮೇಲೆ ಹಾಜರಿ ಕೂಗಿದಾಗಲೂ ಬಾಯಿ ತೆರೆಯದೆ ಎದ್ದು ನಿಲ್ಲತೊಡಗಿದಳು. ಮನೆಯಲ್ಲೂ ಮಾತು ಕಡಿಮೆಯಾಯಿತು. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದಳು.

ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆ ಒರೆಸುತ್ತ ದನಿ ತಗ್ಗಿಸಿ ಹೇಳಿದಳು, "ಆ ದನಿ ಯಾರದು ಅಂತ ಅವಳಿಗೆ ಗೊತ್ತಾದ ದಿನ ಏನ್ರೀ ಮಾಡ್ತೀರಾ? ಅದಕ್ಕೆ ಮುಂಚೆ ಬಿಟ್ಬಿಡಿ."

ಬಿಡುತ್ತೇನೆ ಎಂದ. ಬಿಡುವುದಕ್ಕೂ ಬಾಯಿ ಬೇಕಲ್ಲ! ಫೋನಿನಲ್ಲಿ ಬರೆದು ನೋಡಿದ: ತತ್ತಪ್ಪನನ್ನು ದಯವಿಟ್ಟು ಬೇರೆಯವರಿಗೆ ಕೊಡಿ. ಮೇಡಂ ನಗುವ ಮುಖದ ನಾಲ್ಕು ಚಿತ್ರ ಕಳಿಸಿ, ಇಷ್ಟು ಹೆಸರು ಬಂದ ಮೇಲೆ ಬಿಡುವುದುಂಟೆ, ನಾಳೆ ಬನ್ನಿ ಮಾತಾಡೋಣ ಎಂದು ಬರೆದರು. ಮಾತಾಡೋಣ ಎಂಬ ಆ ಒಂದು ಪದವನ್ನೇ ಅವನು ಮತ್ತೆ ಮತ್ತೆ ಓದಿದ. ನಿಜ ಹೇಳಿದರೆ ಉಗ್ಗುವವನು ಡಬ್ಬಿಂಗ್ ಕಲಾವಿದನೇ ಎಂದು ಊರೆಲ್ಲ ಸುದ್ದಿಯಾಗುತ್ತದೆ, ನಾಳೆ ರಾಜನ ಪಾತ್ರ ಕೊಡುವಾಗ ಒಮ್ಮೆ ಯೋಚಿಸುತ್ತಾರೆ. ಹೇಳದಿದ್ದರೆ ಪುಟ್ಟಿ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಗಾದರೂ ಒಂದೇ ಸಲ ಕತ್ತರಿ. ಇವನಿಗೆ ವಾರಕ್ಕೆ ಐದು ಕಂತು.

ಮರುದಿನ ಹೋದ. ಅವನು ಬಾಯಿ ತೆರೆಯುವ ಮೊದಲೇ ಮೇಡಂ ಬಾಗಿಲು ಹಾಕಿಸಿ ದೃಶ್ಯ ಹಚ್ಚಿದರು. ಅಂಗಡಿ, ಗಿರಾಕಿಗಳ ಸಾಲು. ಸಾಹುಕಾರ ಎಲ್ಲರೆದುರು ತತ್ತಪ್ಪನನ್ನು ಬೈಯುತ್ತಾನೆ. ತತ್ತಪ್ಪ ಉತ್ತರ ಕೊಡಬೇಕು. ಮುನಿ ಪರದೆ ನೋಡಿದ. ಉತ್ತರದುದ್ದಕ್ಕೂ ತತ್ತಪ್ಪನ ಬೆನ್ನು ಮಾತ್ರ ಕಾಣುತ್ತಿತ್ತು. ಬಾಯಿ ಕಾಣುತ್ತಿರಲಿಲ್ಲ. ಇಷ್ಟು ತಿಂಗಳಲ್ಲಿ ಮೊದಲ ಬಾರಿಗೆ ಆ ತುಟಿಯ ಹಂಗಿರಲಿಲ್ಲ.

ಹಾಳೆಯಲ್ಲಿದ್ದದ್ದು "ನ-ನ-ನ-ನ-ನಾನು ಹೇಳೋದು ಕೇಳಿ ಸಾಹುಕಾರ್ರೇ". ಮುನಿ ಮೂಗಿನಿಂದ ದನಿ ಇಳಿಸಿದ. ಇದೊಂದು ಸಲ ಇರುವ ಹಾಗೇ ಹೇಳೋಣ ಎಂದು ಕಣ್ಣು ಮುಚ್ಚಿ ತನ್ನ ಉಗ್ಗಿಗೆ ಬಾಗಿಲು ತೆಗೆದ. ಅದು ಬಂತು. ಹದಿನಾಲ್ಕು ವರ್ಷ ಹೊರಗೆ ಕಾದಿದ್ದದ್ದು ಸುಮ್ಮನೆ ಬಂದೀತೇ? ಗಂಟಲು ಹಿಡಿಯಿತು, ದವಡೆ ಬಿಗಿಯಿತು, ‘ನಾ’ ಎಂದದ್ದು ಅಲ್ಲೇ ನಿಂತಿತು. ಹಣೆಯಿಂದ ಬೆವರು ಮೈಕಿನ ಮೇಲೆ ತೊಟ್ಟಿಕ್ಕಿತು. ಕಿವಿಯ ಹೆಡ್‌ಫೋನಿನಲ್ಲಿ ಮೇಡಂ ದನಿ ಕೇಳಿಸಿತು. ಏನಾಯಿತು ಮುನಿಗಳೇ, ಸದ್ದೇ ಇಲ್ಲವಲ್ಲ, ಮೈಕು ಕೆಟ್ಟಿತೇ ಎಂದು ಕೇಳುತ್ತಿದ್ದರು.

ಇನ್ನು ಅಡಗಿಸುವುದು ಸಾಧ್ಯವಿರಲಿಲ್ಲ. ಅಡಗಿಸುವುದು ಅವನಿಗೂ ಸಾಕಾಗಿತ್ತು. ಅವನು ಗಾಜಿನ ಕಡೆ ತಿರುಗಿದ.

"ನಾ… ನಾನು ಹೀಗೇ ಮಾತಾಡೋದು. ನನ್… ನನ್ನ ಮಗಳೂ ಹೀಗೇ."

ಇಷ್ಟು ಹೇಳಲು ಅರ್ಧ ನಿಮಿಷ ಹಿಡಿಯಿತು. ಹೇಳಿ ಮುಗಿದಾಗ ಅವನ ಮೈ ಹಗುರಾಗಿತ್ತು. ಅಂತೂ ಹೇಳಿದೆನಲ್ಲ ಎಂದುಕೊಂಡ.

ಗಾಜಿನ ಆಚೆ ಮೇಡಂ ಚಪ್ಪಾಳೆ ತಟ್ಟುತ್ತಿದ್ದರು. ನಕ್ಕು ನಕ್ಕು ಕಣ್ಣು ಒರೆಸಿಕೊಂಡರು.

"ಅಬ್ಬಾ, ಇದು ನೋಡಿ ನಟನೆ ಅಂದ್ರೆ. ಮಾತೂ ನೀವೇ ಕಟ್ಟಿದ್ರಾ? ಹಾಗೇ ಇಟ್ಕೊಳ್ಳೋಣ. ಆದ್ರೆ ತತ್ತಪ್ಪನಿಗೆ ಮಗಳಿಲ್ಲ ಅಲ್ವಾ, ಅದೊಂದು ತೆಗೆದುಬಿಡಿ."

ಕೊನೆಯ ಮಾತು ಎಂಜಿನಿಯರಿಗೆ. ಮೈಕು ಉದ್ದಕ್ಕೂ ತೆರೆದೇ ಇತ್ತು, ಎಲ್ಲವೂ ದಾಖಲಾಗಿತ್ತು. ಎಂಜಿನಿಯರ್ ಗಾಜಿನ ಮೂಲಕ ಮುನಿಯ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದ. ಅವನಿಗೆ ತಿಳಿದಿತ್ತು. ತಿಳಿದೂ ತಲೆ ತಗ್ಗಿಸಿ, ಮಗಳನ್ನು ಕತ್ತರಿಸಿ ತೆಗೆದ.

"ಇನ್ಮೇಲೆ ಹೀಗೇ ಮಾಡ್ತೀರಲ್ವಾ?" ಎಂದರು ಮೇಡಂ.

ಮುನಿಯ ತುಟಿ ಅಂಟಿಕೊಂಡಿತು. ಬಿಡಿಸಲು ನೋಡಿದ, ಬಿಡಲಿಲ್ಲ. ಹೌದು ಎಂದ.

ಆ ಕಂತು ಪ್ರಸಾರವಾದದ್ದು ಎರಡು ವಾರದ ಮೇಲೆ, ಸಂಜೆ ಏಳಕ್ಕೆ. ಹೆಂಡತಿ ಬೇರೆ ಚಾನೆಲ್ ಹಾಕಲು ಹೋದರೆ ಪುಟ್ಟಿಯೇ ರಿಮೋಟು ಕಿತ್ತುಕೊಂಡಳು. ಈಗೀಗ ಅವಳು ಒಂದು ಕಂತೂ ಬಿಡುತ್ತಿರಲಿಲ್ಲ. ತತ್ತಪ್ಪ ಇವತ್ತು ಏನು ಹೇಳುತ್ತಾನೋ ಅದನ್ನೇ ನಾಳೆ ತನಗೆ ಹೇಳುತ್ತಾರೆ, ಮೊದಲೇ ತಿಳಿದಿರಲಿ ಎಂಬುದು ಅವಳ ಲೆಕ್ಕ. ಹತ್ತು ವರ್ಷದ ಹುಡುಗಿ ಪರೀಕ್ಷೆಗೆ ಓದುವವಳಂತೆ ಅದನ್ನು ನೋಡುತ್ತ ಕೂತಿದ್ದಳು. ಮುನಿ ಎದ್ದು ಹೋಗಬೇಕೆಂದುಕೊಂಡ, ಹೋಗಲಾಗಲಿಲ್ಲ.

ಅಂಗಡಿ ಬಂತು, ಸಾಹುಕಾರ ಬೈದ, ತತ್ತಪ್ಪ ಬೆನ್ನು ತಿರುಗಿಸಿ ನಿಂತ. "ನಾ…" ಎಂದು ಮಾತು ನಿಂತಿತು. ಆ ಮೌನವನ್ನು ಖಾಲಿ ಬಿಡಲು ಚಾನೆಲ್ಲಿನವರಿಗೆ ಮನಸ್ಸಾಗಿರಲಿಲ್ಲ, ಅದರ ಮೇಲೆ ಸ್ಪ್ರಿಂಗು ಎಳೆದು ಬಿಟ್ಟ ಸದ್ದು ಹಾಕಿದ್ದರು. ಟೊಂಯ್ ಟೊಂಯ್. ಆಮೇಲೆ "ನಾನು ಹೀಗೇ ಮಾತಾಡೋದು". ಗಿರಾಕಿಗಳೆಲ್ಲ ಗೊಳ್ಳೆಂದು ನಕ್ಕರು.

ಪುಟ್ಟಿ ಟಿವಿಯ ಸದ್ದು ನಿಲ್ಲಿಸಿದಳು. ತಿರುಗಿ ಅಪ್ಪನನ್ನು ನೋಡಿದಳು. ಎಷ್ಟೋ ದಿನದ ಮೇಲೆ ಅವಳ ಮುಖ ಅರಳಿತ್ತು.

"ಅಪ್ಪ, ಇದು ನೀನು."

ಒಂದು ತಡೆಯೂ ಇಲ್ಲದೆ ಹೇಳಿದಳು. ಹಾಗೆ ಹೇಳಿ ಮತ್ತೆ ಪರದೆಯ ಕಡೆ ನೋಡಿದಳು. ತತ್ತಪ್ಪ ಈಗ ಮುಂದಕ್ಕೆ ತಿರುಗಿ ಬಾಯಿ ಬಡಿಯುತ್ತಿದ್ದ, ಸದ್ದಿಲ್ಲದೆ, ಐದು ಸಲ. ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಅರಳಿದ್ದ ಮುಖ ನಿಧಾನವಾಗಿ ಮುದುಡಿತು.

"ಮ… ಮ…" ಎಂದಳು. ಗಂಟಲು ಕಟ್ಟಿತು. ಅಪ್ಪ ಅಮ್ಮ ಇಬ್ಬರಿಗೂ ಅವಳು ಕೇಳಲಿರುವುದು ಏನೆಂದು ಗೊತ್ತಿತ್ತು. ಮಾತನ್ನು ಮುಗಿಸಿಕೊಡುವಂತಿರಲಿಲ್ಲ. ಮುನಿ ಕಾದ. ಅವಳು ತಳ್ಳಿದಳು, ತಳ್ಳಿದಳು, ಕತ್ತಿನ ನರ ಉಬ್ಬಿತು.

"ಮೊದಲಿಂದಾನೂ ನೀ… ನೀನೇನಾ?"

ಬೇಡ ಎಂಬ ಮಾತು ಜೀವನವಿಡೀ ಸಿಕ್ಕಿಕೊಂಡ ಹಾಗೆ ಈಗ ಹೇಳಬೇಕಾದ ಉತ್ತರವೂ ಒಂದು ಸಲ, ಒಂದೇ ಒಂದು ಸಲ ಗಂಟಲಲ್ಲಿ ಸಿಕ್ಕಿಕೊಳ್ಳಲಿ ಎಂದು ಮುನಿ ಮನಸ್ಸಿನಲ್ಲೇ ಬೇಡಿಕೊಂಡ. ಮಗಳು ಅವನ ಬಾಯನ್ನೇ ನೋಡುತ್ತ ಕಾಯುತ್ತಿದ್ದಳು.

"ಹೌದು" ಎಂದ. ಎಲ್ಲೂ ತಡೆಯಲಿಲ್ಲ.