ನಾಲಿಗೆ ಕೆಳಗಿನ ಮಾತ್ರೆ

ಕೆಂಪರಾಜುವಿನ ಬಾಯಿ ಮುಚ್ಚಿಸುವ ತಾಕತ್ತು ಇದ್ದದ್ದು ಒಂದೇ ಒಂದು ಮಾತ್ರೆಗೆ. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಲಾರಿಗೆ ಕಾಯಿ ತುಂಬುತ್ತ ಅವನಾಡುವ ಮಾತಿಗೆ ಹಮಾಲರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆದರೆ ದಿನಾ ಬೆಳಿಗ್ಗೆ ಮಂಚಮ್ಮನವರು ಬಾಡಿಗೆಗೆ ಕೊಟ್ಟ ಮನೆಯಲ್ಲಿದ್ದ ಅಮಲು ಬಿಡಿಸುವ ಕೇಂದ್ರಕ್ಕೆ ಬಂದು, ನರ್ಸ್ ವನಜಾ ಪುಡಿ ಮಾಡಿ ಕೊಡುವ ಮಾತ್ರೆಯನ್ನು ನಾಲಿಗೆ ಕೆಳಗಿಟ್ಟುಕೊಂಡರೆ ಮುಗಿಯಿತು. ಅದು ಕರಗುವವರೆಗೆ ಮಾತಾಡುವಂತಿಲ್ಲ, ಉಗುಳು ನುಂಗುವಂತಿಲ್ಲ. ನುಂಗಿದರೆ ಔಷಧಿ ದಂಡ. ಸಂಜೆಗೆ ಮೈಕೈ ನೋವು ಶುರುವಾಗಿ ಮತ್ತೆ ಅಮಲಿನ ಸೂಜಿ ನೆನಪಾಗುತ್ತದೆ. ಆ ಸೂಜಿಯಿಂದ ಬಿಡಿಸಿ ಅವನನ್ನು ಕೆಲಸಕ್ಕೆ ಹಚ್ಚಿದ್ದೇ ಈ ಮಾತ್ರೆ.

ಅವತ್ತು ಮಾತ್ರೆ ಇಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದಾನೆ, ಮನೆಯೊಡತಿ ಮಂಚಮ್ಮ ಪಕ್ಕದ ಮನೆಯ ಸಿದ್ದೇಶನ ಜೊತೆ ಒಳಗೆ ಬಂದರು.

"ನೋಡಿ ಕಣಮ್ಮ, ಬೆಳ್‌ಬೆಳಿಗ್ಗೆನೇ ಮತ್ತಲ್ಲವ್ನೆ. ಬಾಯಿಂದ ಮಾತೇ ಒಂಡಕ್ಕಿಲ್ಲ. ಈ ಕೇಂದ್ರದೋರಿಂದ ಮನೆ ಖಾಲಿ ಮಾಡ್ಸಿ," ಎಂದ ಸಿದ್ದೇಶ.

"ಮಾತ್ರೆ ಕರಗೋಗಂಟ ಮಾತಾಡಂಗಿಲ್ಲ ಕಣವ್ವ," ಎಂದಳು ವನಜಾ.

"ಕರಗ್ಲಿ. ಸೂಜಿ ಬುಟ್ಟವ್ನೋ ಇಲ್ವೋ, ಇವನ ಬಾಯಿಂದ್ಲೇ ಕೇಳ್ತೀನಿ. ಆಮೇಲೆ ಮನೆ ಇಚಾರ," ಎಂದು ಮಂಚಮ್ಮ ಕುರ್ಚಿ ಎಳೆದುಕೊಂಡು ಕೂತರು.

ಕೆಂಪರಾಜು ಒಳಗೊಳಗೇ ಲೆಕ್ಕ ಹಾಕಿದ. ಕೇಂದ್ರ ಮುಚ್ಚಿದರೆ ಮಾತ್ರೆಗೆ ದಿನಾ ಮಂಡ್ಯದ ಬಸ್ಸು ಹತ್ತಬೇಕು. ಹೋಗಿ ಬರುವಷ್ಟರಲ್ಲಿ ಲಾರಿಗಳು ಹೊರಟುಹೋಗಿರುತ್ತವೆ, ಕೆಲಸ ಹೋದಂತೆಯೇ.

ಸಿದ್ದೇಶ ಸುಮ್ಮನಿರಲಿಲ್ಲ. ಇಂಥವರಿಂದ ಬೀದಿಯ ಮಾನ ಹೋಯಿತು ಎಂದ. ಬೇರೆ ಹೊತ್ತಾಗಿದ್ದರೆ ಕೆಂಪರಾಜು ಒಂದಕ್ಕೆ ಹತ್ತು ಸೇರಿಸಿ ಕೊಟ್ಟಿರುತ್ತಿದ್ದ. ಈಗ ಅವುಡುಗಚ್ಚಿ ಕೂತು, ಹೇಳಬೇಕಾದ ಸುಳ್ಳನ್ನು ಮನಸ್ಸಿನಲ್ಲೇ ಜೋಡಿಸಿದ: ಬಿಟ್ಟು ವರ್ಷವಾಯಿತು ಕಣವ್ವ, ಮಾದಪ್ಪನಾಣೆ. ಮೊದಲ ಸಲ ಸೊಗಸಾಗಿ ಕೇಳಿಸಿತು. ಎರಡನೆಯ ಸಲ ಓಟು ಕೇಳಲು ಬಂದವರ ಭಾಷಣದ ಹಾಗಿತ್ತು. ಆಮೇಲೆ ಅವನಿಗೇ ನಾಚಿಕೆಯಾಯಿತು. ಬಾಯಿಗೆ ಬಂದದ್ದನ್ನು ಆಡಿಯೇ ಬೆಳೆದವನಿಗೆ ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳುವ ಕಷ್ಟ ಅವತ್ತೇ ಗೊತ್ತಾದದ್ದು.

ಮಾತ್ರೆ ಕರಗಿತು.

"ಪೂರ್ತಿ ಬುಟ್ಟಿಲ್ಲ ಕಣವ್ವ," ಎಂದ. "ಓದ್ ತಿಂಗ್ಳು ಒಂದ್ಸಲ ಜಾರ್ದೆ. ವನಜಕ್ಕ ಬೈಲಿಲ್ಲ. ಇನ್ನೊಬ್ರ ಸೂಜಿ ಚುಚ್ಕಂಡು ಕಾಯ್ಲೆ ತಂದ್ಕಬ್ಯಾಡ ಅಂತ ಹೊಸದು ಕೊಡ್ತು. ಮಾರ್ನೆ ದಿನ ಬಂದು ಮಾತ್ರೆ ತಗಂಡೆ, ಕೆಲ್ಸಕ್ಕೂ ಓದೆ. ಜಾರ್ದೋನ್ಗೆ ಔಸ್ದಿ ಕೇಳೋ ಹಕ್ಕಿಲ್ವಾ?"

ವನಜಾ ಹಣೆ ಚಚ್ಚಿಕೊಂಡಳು. ಇವತ್ತೊಂದು ದಿನವಾದರೂ ಸುಳ್ಳು ಹೇಳಬಾರದಿತ್ತೇ ಎನಿಸಿತು ಅವಳಿಗೆ. ಸಿದ್ದೇಶನ ಮುಖ ಅರಳಿತು.

"ಅವ್ನೇ ಒಪ್ಕಂಡ, ಕೇಳುದ್ರಲ್ಲ."

"ಕೇಳ್ದೆ," ಎಂದರು ಮಂಚಮ್ಮ. "ನಮ್ಮೆಜಮಾನ್ರು ದಿನಾ ಬುಟ್ಟೆ ಬುಟ್ಟೆ ಅಂತಲೇ ಕುಡಿದ್ರು, ಸಾಯೋಗಂಟ. ನಿಜ ಏಳಕ್ಕೆ ಅವ್ರಿಗೆ ಇಂಗೊಂದು ಜಾಗ ಇರ್ನಿಲ್ಲ." ಆಮೇಲೆ ಸಿದ್ದೇಶನ ಕಡೆ ತಿರುಗಿದರು. "ಅಲ್ಲ ಕಣ್ಲಾ, ನಿಂಗೂ ಡಾಕ್ಟ್ರು ಸೀ ಮುಟ್‌ಬ್ಯಾಡ ಅಂದವ್ರೆ. ಮೊನ್ನೆ ನಮ್ಮನೇಲಿ ಎಷ್ಟು ಒಬ್ಬಟ್ಟು ತಿಂದೆ? ಅದ್ಕೆ ನಿನ್ ಸುಗರ್ ಮಾತ್ರೆ ಯಾರಾದ್ರೂ ಕಿತ್ಕಂಡ್ರಾ?"

ಸಿದ್ದೇಶ ಚಪ್ಪಲಿ ಹುಡುಕಿಕೊಂಡು ಹೊರಟ. ವನಜಾ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದಳು. ಕೆಂಪರಾಜುವಿಗೆ ಮಾತ್ರ ಅಳು ಬಂತು.

"ನಾಳಿಕ್ಕೂ ಬಾ ಕಣ್ಲಾ," ಎಂದರು ಮಂಚಮ್ಮ, ಅವನ ತಲೆ ಮೇಲೊಂದು ಮೊಟಕಿ. "ಜಾರುದ್ರೂ ಬಾ."